ಚರಗ ಚೆಲ್ಲುವ ಕೈಯಲ್ಲಿ ವಿಷದ ಕಾಳು ಬೇಡ

ಸೀಗಿ ಹುಣ್ಣಿಮೆಯ ದಿನ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಅನ್ನ, ಪಲ್ಯಗಳಲ್ಲಿ ಮೊದಲ ಪಾಲನ್ನು ಪೈರಿನ ನಡುವೆ ಚರಗವಾಗಿ ಚೆಲ್ಲಿದ ನಂತರವೇ ತಾವು ಉಣ್ಣುತ್ತಾರೆ. ಎಳ್ಳಮಾವಾಸ್ಯೆಗೆ ಹಿಂಗಾರಿ ಹೊಲದಲ್ಲಿ ಮತ್ತೆ ಇದೇ ಪದ್ಧತಿ. ಚರಗ ಭೂಮಿತಾಯಿಗೆ ಸಲ್ಲುವ ಪಾಲು. ಆದರೆ ಅದನ್ನು ಬಂದು ಉಣ್ಣುವವು ಕಾಗೆ, ಗೊರವಂಕ, ಗುಬ್ಬಿ ಮುಂತಾದ ಹಕ್ಕಿಗಳು. ಅನ್ನ ತಿನ್ನಲು ಬಂದ ಹಕ್ಕಿ ಅನ್ನ ಮುಗಿದೊಡನೆ ಹೊಲ ಬಿಟ್ಟು ಹೋಗುವುದಿಲ್ಲ. ಪಕ್ಕದ ಗಿಡದ ಮೇಲಿನ ಹುಳುವನ್ನೂ ಹೆಕ್ಕುತ್ತದೆ. ಸೀಗಿ ಹುಣ್ಣಿಮೆಯ ಸುಮಾರಿಗೆ ಹತ್ತಿ, ಮೆಣಸಿನ ಗಿಡಗಳಿಗೂ, ಎಳ್ಳಮಾವಾಸ್ಯೆಯ ಸುಮಾರಿಗೆ ಕಡಲೆ, ತೊಗರಿಗೂ ಹಸಿರು ಕಾಯಿಕೊರಕದ ಕಾಟವಿರುತ್ತದೆ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಅರಿಷಿಣ ಕಲಸಿದ ಅನ್ನವನ್ನೋ ಚುರುಮುರಿಯನ್ನೋ ಹೊಲದಲ್ಲಿ ಎರಚಿ ಹಕ್ಕಿಗಳನ್ನು ಕರೆಯಿರಿ ಎಂದು ಈಗ ಕೃಷಿ ವಿಜ್ಞಾನಿಗಳು ಹೇಳುವುದೂ ಇದನ್ನೇ. ನಮ್ಮ ಹಿರಿಯರು ಅದನ್ನು ಹಬ್ಬವಾಗಿ ಮಾಡಿಟ್ಟಿದ್ದರು.

ಆದರೆ ಇದೇ ಕೈ ಮುಂಗಾರಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಿತ್ತನೆ ಮುಗಿದ ಮೇಲೆ ಚೀಲದ ತಳದಲ್ಲಿ ಉಳಿದ ಕೆಂಪು, ನೀಲಿ ಬಣ್ಣದ ಬೀಜವನ್ನು ಅಂಗಳದ ಮೂಲೆಗೋ ತಿಪ್ಪೆಗೋ ಕೊಡವಿಬಿಡುತ್ತದೆ. ಚರಗದ ಕಾಳಿಗೂ ಈ ಕಾಳಿಗೂ ಇರುವ ವ್ಯತ್ಯಾಸ ನಮಗೆ ಗೊತ್ತು, ಹಕ್ಕಿಗೆ ಗೊತ್ತಿಲ್ಲ. ಮನೆಯ ಸುತ್ತ ಹಕ್ಕಿಗಳಿಗೆ ನೀರು, ಕಾಳು, ನೆಲೆ ಒದಗಿಸಿ ಅವುಗಳ ಪ್ರಯೋಜನ ಪಡೆಯುವುದು ಹೇಗೆ, ಅದಕ್ಕೂ ಮೊದಲು ಅವುಗಳ ಬಾಯಿಗೆ ವಿಷ ಬೀಳದಂತೆ ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಕ್ಕಿ ಮಾಡುವ ಕೆಲಸ

ಗುಬ್ಬಿ ಕಾಳು ತಿನ್ನುವ ಹಕ್ಕಿ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದು ತನ್ನ ಮರಿಗೆ ಕಾಳು ತಿನ್ನಿಸುವುದಿಲ್ಲ. ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಮರಿಗೆ ಬೇಕಾದದ್ದು ಮೆತ್ತಗಿನ ಹುಳು, ಮಿಡತೆಮರಿ, ಹೇನು. ಒಂದು ಗೂಡಿನಲ್ಲಿ ಸಾಮಾನ್ಯವಾಗಿ 3ರಿಂದ 5 ಮೊಟ್ಟೆಗಳಿರುತ್ತವೆ. ಹನ್ನೆರಡು ದಿನಗಳ ಸುಮಾರಿಗೆ ಮರಿಯಾಗಿ, ಮತ್ತೆರಡು ವಾರಗಳಲ್ಲಿ ಅವು ಗೂಡು ಬಿಡುತ್ತವೆ. ಅಷ್ಟೂ ದಿನ ತಾಯಿ ತಂದೆ ಎರಡೂ ಬೆಳಗಿನಿಂದ ಸಂಜೆಯವರೆಗೆ ಹುಳು ಹೊರುತ್ತವೆ. ವರ್ಷಕ್ಕೆ ಎರಡು ಮೂರು ಸಲ ಹೀಗೆ ಸಂಸಾರ ಹೂಡುತ್ತವೆ.

ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ ಮಣ್ಣಿನಿಂದ ಮೇಲೆದ್ದ ಹುಳು ಹೆಕ್ಕುತ್ತದೆ. ಕಾಜಾಣ ಗೂಟದ ಮೇಲೆ ಕುಳಿತು ಹಾರುವ ಪತಂಗವನ್ನು ಗಾಳಿಯಲ್ಲೇ ಹಿಡಿಯುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ತಂತಿಯ ಮೇಲೆ ಕಾದಿದ್ದು ಮಿಡತೆ, ಜೀರುಂಡೆಗಳ ಮೇಲೆರಗುತ್ತದೆ. ಕಣಜ ಗೂಬೆ ರಾತ್ರಿಯೆಲ್ಲ ಇಲಿ ಹಿಡಿಯುತ್ತದೆ. ಹಾಲಕ್ಕಿಯ ಕೂಗು ಅಪಶಕುನವೆಂದು ಕಲ್ಲೆಸೆಯುವವರು ಇನ್ನೂ ಇದ್ದಾರೆ. ಆ ಹಾಲಕ್ಕಿ ಕೂಗುವುದು ನಿಮ್ಮ ಹೊಲದ ಹುಳು, ಇಲಿಮರಿಗಳ ಪಾಲಿಗೆ ಅಪಶಕುನ, ನಿಮಗಲ್ಲ.

ಹಕ್ಕಿಯನ್ನು ಬರೀ ಕಾಳುಗಳ್ಳ ಎಂದು ಕಂಡವರಿಗೆ ಏನಾಯಿತು ಎಂಬುದಕ್ಕೆ ಚೀನಾ ದೇಶದ ಉದಾಹರಣೆಯಿದೆ. ಅಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆಗಳ ಜೊತೆ ಗುಬ್ಬಿಯನ್ನೂ ಶತ್ರುವೆಂದು ಸಾರಿ, ಜನರೆಲ್ಲ ಸೇರಿ ತಮಟೆ ಬಡಿದು, ಗೂಡು ಕಿತ್ತು ಕೊಂದರು. ಗುಬ್ಬಿ ಕಡಿಮೆಯಾದಂತೆ ಬೆಳೆಯಲ್ಲಿ ಕೀಟ ಹೆಚ್ಚಿತು. 1960ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ತಿಗಣೆಯ ಹೆಸರನ್ನು ಸೇರಿಸಬೇಕಾಯಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಅದು ತಿರುಗಿ ಬರುವುದು ನಮ್ಮ ಹೊಲಕ್ಕೇ.

ಅಂಗಳ ಏಕೆ ಬರಿದಾಯಿತು?

ಹಿಂದೆ ಜೋಳದ ರಾಶಿ ಕಣದಲ್ಲಿ ವಾರಗಟ್ಟಲೆ ನಡೆಯುತ್ತಿತ್ತು. ತೂರಿದ ಹೊಟ್ಟಿನಲ್ಲಿ, ಬಣವಿಯ ಬುಡದಲ್ಲಿ ಉದುರಿದ ಕಾಳು ಹಕ್ಕಿಗಳಿಗೆ ಬೇಸಿಗೆಯ ಗ್ರಾಸವಾಗಿತ್ತು. ಮಣ್ಣಿನ ಮಾಳಿಗೆಯ ಜಂತಿಯ ಸಂದಿಯಲ್ಲಿ, ಪಡಸಾಲೆಯ ಗೂಡಿನಲ್ಲಿ ಗುಬ್ಬಿ ಮನೆ ಮಾಡುತ್ತಿತ್ತು. ಈಗ ಜೋಳ, ನವಣೆ, ಸಾವಿಗಳ ಜಾಗಕ್ಕೆ ಗೋವಿನಜೋಳ ಬಂದಿದೆ. ಅದರ ಇಡೀ ಕಾಳು ಗುಬ್ಬಿಯ ಕೊಕ್ಕಿಗೆ ದೊಡ್ಡದು. ರಾಶಿಯನ್ನು ಯಂತ್ರ ಒಂದೆರಡು ತಾಸಿನಲ್ಲಿ ಮುಗಿಸುತ್ತದೆ. ಆರ್.ಸಿ.ಸಿ. ಮನೆಯಲ್ಲಿ ಸಂದಿಯೇ ಇಲ್ಲ. ಬದುವಿನ ಜಾಲಿ, ಬೇವು ಹೋದವು. ಕಸನಾಶಕದಿಂದ ಬದುವಿನ ಹುಲ್ಲುಬೀಜವೂ ಇಲ್ಲವಾಗುತ್ತಿದೆ.

ಆದರೂ ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂಬ ಮಾತು ಪೂರ್ತಿ ನಿಜವಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಗುಬ್ಬಿಗಳ ಸಂಖ್ಯೆ ದೊಡ್ಡ ನಗರಗಳಲ್ಲಿ ಇಳಿದಿದ್ದರೂ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದೆ. ಮೊಬೈಲ್ ಗೋಪುರಗಳೇ ಇಳಿಕೆಗೆ ಕಾರಣ ಎಂಬುದಕ್ಕೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಅದೇ ವರದಿಯ 2023ರ ಆವೃತ್ತಿ ನಿಜವಾದ ಚಿಂತೆಯ ವಿಷಯವೊಂದನ್ನು ಹೇಳಿದೆ. ಬಯಲು ಹೊಲಗಳ ಹಕ್ಕಿಯಾದ ನೀಲಕಂಠ ದೇಶದಲ್ಲಿ ಗಣನೀಯವಾಗಿ ಕಡಿಮೆಯಾಗುತ್ತಿದೆ. ಎಂದರೆ ಹಕ್ಕಿಗಳ ಅಳಿವು ಉಳಿವು ಈಗ ರೈತನ ಹೊಲದಲ್ಲಿಯೇ ತೀರ್ಮಾನವಾಗಬೇಕಾಗಿದೆ.

ನೆಲೆ ಕಳೆದುಕೊಂಡ ಹಕ್ಕಿಗೆ ಕಾಳು ಹಾಕಿ ಪ್ರಯೋಜನವಿಲ್ಲ ಎಂಬ ಪಾಠ ನಮ್ಮ ಮಗ್ಗುಲಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಅದರ ವಿಸ್ತಾರ 119 ಚದರ ಕಿಲೋಮೀಟರು. ಹುಲ್ಲುಗಾವಲಿನ ದೊಡ್ಡ ಹಕ್ಕಿಯಾದ ಎರೆಭೂತಕ್ಕೂ ಅದು ಆಗ ಹೆಸರಾಗಿತ್ತು. ಬಯಲು ಹುಲ್ಲು ಹೋಗಿ ನೀಲಗಿರಿ ನೆಡುತೋಪು ಹಬ್ಬಿತು. ಕೃಷ್ಣಮೃಗ ಉಳಿದುಕೊಂಡಿತು, ಎರೆಭೂತ ಕಣ್ಮರೆಯಾಯಿತು.

ಮೊದಲು ವಿಷ ತಡೆಯಿರಿ

ಅಂಗಳದಲ್ಲಿ ಕಾಳಿನ ತಟ್ಟೆ ಇಡುವ ಮೊದಲು ಈ ಕೆಳಗಿನ ವಿಷಯಗಳ ಕಡೆಗೆ ಗಮನ ಕೊಡಬೇಕು.

1. ಬೀಜೋಪಚಾರ ಮಾಡಿದ ಬೀಜ: ಹತ್ತಿ, ಗೋವಿನಜೋಳ ಮುಂತಾದವುಗಳ ಬೀಜಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಲೇಪಿಸಿರುತ್ತಾರೆ. ಇಂಥ ಲೇಪನವಿರುವ ಗೋವಿನಜೋಳದ ಒಂದೇ ಕಾಳಿನಲ್ಲಿ ಗುಬ್ಬಿಯ ಗಾತ್ರದ ಹಕ್ಕಿಯನ್ನು ಕೊಲ್ಲುವಷ್ಟು ವಿಷವಿರಬಹುದು. ಒಡೆದ ಚೂರಾದರೆ ಗುಬ್ಬಿಯೂ ತಿನ್ನುತ್ತದೆ, ಇಡೀ ಕಾಳನ್ನು ಬೆಳವ, ನವಿಲು ನುಂಗುತ್ತವೆ. ಆದ್ದರಿಂದ ಉಳಿದ ಬೀಜವನ್ನು ಮೊಳಕೆ ಬಾರದ ಕಡೆ ಮತ್ತೆ ಊರಲು ಎತ್ತಿಡಿ. ಬೇಡವಾದರೆ ಬಾವಿ, ಹಳ್ಳಗಳಿಂದ ದೂರ ಆಳವಾದ ಗುಂಡಿ ತೆಗೆದು ಮುಚ್ಚಿ. ಕೋಳಿಗೂ ದನಕ್ಕೂ ಹಾಕಬೇಡಿ. ಕೂರಿಗೆ ತಿರುಗಿಸುವ ಹೊಲದ ತುದಿಯಲ್ಲಿ ಬೀಜ ಮೇಲೆಯೇ ಚೆಲ್ಲಿರುತ್ತದೆ. ಮನೆಗೆ ಹೊರಡುವ ಮುನ್ನ ಅದರ ಮೇಲೆ ಮಣ್ಣು ಎಳೆಯಿರಿ.

2. ಹರಳು ರೂಪದ ಕೀಟನಾಶಕ: ಹಕ್ಕಿಗಳಿಗೆ ಹಲ್ಲಿಲ್ಲ. ಹೊಟ್ಟೆಯಲ್ಲಿ ಕಾಳು ಅರೆಯಲು ಸಣ್ಣ ಹರಳುಗಳನ್ನು ನುಂಗುತ್ತವೆ. ಕಾರ್ಬೋಫ್ಯುರಾನ್ ಹರಳನ್ನು ಹಾಗೆಯೇ ನುಂಗಿ ಸಾಯುತ್ತವೆ. ಈ ಕಾರಣದಿಂದಲೇ ಅಮೆರಿಕದಲ್ಲಿ 1990ರ ದಶಕದಲ್ಲಿ ಅದರ ಹರಳು ರೂಪದ ಬಳಕೆಯನ್ನು ಬಹುತೇಕ ನಿಲ್ಲಿಸಲಾಯಿತು. ನಮ್ಮಲ್ಲಿ 2023ರಲ್ಲಿ ಶೇ. 3ರ ಹರಳೊಂದನ್ನು ಬಿಟ್ಟು ಉಳಿದ ರೂಪಗಳಿಗೆ ತಡೆ ಹಾಕಲಾಗಿದೆ. ಹರಳನ್ನು ಬಳಸಲೇಬೇಕಾದಾಗ ಮಣ್ಣಿನಲ್ಲಿ ಮುಚ್ಚಿ. ಮೇಲೆ ಎರಚಬೇಡಿ.

3. ಸಿಂಪರಣೆ: ಅರ್ಜೆಂಟೀನಾ ದೇಶದಲ್ಲಿ 1995-96ರಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಹೊಡೆದ ಹೊಲಗಳಲ್ಲಿ ಮಿಡತೆ ತಿನ್ನಲು ಬಂದ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ನಮ್ಮ ಹತ್ತಿ ಹೊಲಗಳಲ್ಲಿಯೂ ಹೆಚ್ಚಾಗಿ ಬಳಕೆಯಾದ ಔಷಧಿ ಇದೇ. ಹುಳುವಿನ ಸಂಖ್ಯೆ ನೋಡಿ, ಅಗತ್ಯಬಿದ್ದಾಗ ಮಾತ್ರ ಶಿಫಾರಸಿನಂತೆ ಸಿಂಪಡಿಸಿ. ಪಂಪು ತೊಳೆದ ನೀರನ್ನು ಹಕ್ಕಿ, ದನಗಳು ಕುಡಿಯುವ ಕಡೆ ಚೆಲ್ಲಬೇಡಿ. ಖಾಲಿ ಡಬ್ಬಿಯನ್ನು ಕತ್ತರಿಸಿ ಹಕ್ಕಿಗಳ ನೀರಿನ ಪಾತ್ರೆ ಮಾಡುವುದಂತೂ ಕೂಡದು.

4. ಇಲಿ ಪಾಷಾಣ: ವಿಷದ ಉಂಡೆಯನ್ನು ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ. ಸತ್ತ ಇಲಿಗಳನ್ನು ಆರಿಸಿ ಹೂಳಿ. ಬ್ರೊಮಾಡಿಯೋಲೋನ್ ತಿಂದ ಇಲಿಯನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಇಲಿ ಕೊಲ್ಲಲು ಹೋಗಿ ಇಲಿಯ ಶತ್ರುವನ್ನೇ ಕೊಂದಂತಾಗುತ್ತದೆ. ಮನೆಯ ಸುತ್ತ ಬೋನೇ ಮೇಲು.

ನೀರಿನ ಪಾತ್ರೆ

ಮಾರ್ಚಿಯಿಂದ ಮುಂಗಾರು ಹಿಡಿಯುವವರೆಗೆ ನಮ್ಮ ಸೀಮೆಯಲ್ಲಿ ಕಾಳಿಗಿಂತ ನೀರೇ ಹೆಚ್ಚು ಅಗತ್ಯ. ಅಗಲವಾದ ಮಣ್ಣಿನ ಪಾತ್ರೆ ಉತ್ತಮ. ನೀರು ಎರಡು ಬೆರಳಿನಷ್ಟು ಆಳವಿದ್ದರೆ ಸಾಕು. ನಡುವೆ ಒಂದು ಒರಟು ಕಲ್ಲು ಇಟ್ಟರೆ ಸಣ್ಣ ಹಕ್ಕಿಗಳು ಕುಳಿತು ಕುಡಿಯುತ್ತವೆ, ಜೇನುನೊಣಗಳೂ ಮುಳುಗುವುದಿಲ್ಲ. ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ಐದಾರು ಅಡಿ ದೂರವಿರಲಿ, ಹಾರಿ ಕೂರಲು ಮೇಲೆ ಒಂದು ಟೊಂಗೆಯಿರಲಿ. ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ, ತಿಕ್ಕಿ ತೊಳೆದು ಹೊಸ ನೀರು ಹಾಕಿ. ಹೀಗೆ ಮಾಡಿದರೆ ಸೊಳ್ಳೆಯೂ ಹುಟ್ಟುವುದಿಲ್ಲ.

ಯಾವ ಕಾಳು, ಎಷ್ಟು?

ನವಣೆ, ಸಾವಿ, ಸಜ್ಜೆ, ಜೋಳದ ನುಚ್ಚು, ಅಕ್ಕಿ ನುಚ್ಚು, ಗೋವಿನಜೋಳದ ಸಣ್ಣ ನುಚ್ಚು ಒಳ್ಳೆಯವು. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಸಾಕು. ಅರ್ಧ ತಾಸಿನಲ್ಲಿ ಮುಗಿಯುವಷ್ಟೇ ಹಾಕಬೇಕು. ಉಳಿದರೆ ಇಲಿ ಬರುತ್ತದೆ. ಸುಗ್ಗಿಯಲ್ಲಿ ನಾಲ್ಕಾರು ಜೋಳದ ತೆನೆಗಳನ್ನು ಕಟ್ಟಿ ಪಡಸಾಲೆಯ ಕಂಬಕ್ಕೆ ತೂಗುಹಾಕಿದರೆ ಗುಬ್ಬಿ, ರಾಟವಾಳಗಳು ಜೋತು ತಿನ್ನುವುದನ್ನು ಮಕ್ಕಳು ನೋಡಬಹುದು. ಹಣ್ಣಾದ ಬಾಳೆ, ಪೇರಲದ ತುಂಡಿಗೆ ಪಿಕಳಾರ, ಗೊರವಂಕ ಬರುತ್ತವೆ.

ಉಪ್ಪು ಹಾಕಿದ ತಿಂಡಿ, ಎಣ್ಣೆಯಲ್ಲಿ ಕರಿದದ್ದು, ಹಳಸಿದ ಅನ್ನ ಬೇಡ. ಬೂಸುಗಟ್ಟಿದ ಶೇಂಗಾ, ಗೋವಿನಜೋಳಗಳನ್ನಂತೂ ಹಾಕಲೇಬಾರದು. ಆ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ನಾವು ತಿನ್ನಲಾರದ್ದು ಹಕ್ಕಿಗೂ ಬೇಡ ಎಂಬ ನಿಯಮವಿಟ್ಟುಕೊಂಡರೆ ಸಾಕು. ಕೋಳಿ ಸಾಕಿದವರು ಹಕ್ಕಿಗಳ ತಟ್ಟೆಯನ್ನು ಕೋಳಿಗೂಡಿನಿಂದ ದೂರವಿಡಬೇಕು. ಕೊಕ್ಕರೆ ರೋಗದಂಥ ಜಾಡ್ಯಗಳು ಪಾರಿವಾಳ ಮತ್ತು ಇತರ ಹಕ್ಕಿಗಳಿಂದಲೂ ಕೋಳಿಗಳಿಗೆ ತಗಲಬಹುದು. ತಟ್ಟೆಯ ಹತ್ತಿರ ಮಂಕಾಗಿ ಕೂತ ಅಥವಾ ಸತ್ತ ಹಕ್ಕಿ ಕಂಡರೆ ಕಾಳು ಹಾಕುವುದನ್ನು ಎರಡು ವಾರ ನಿಲ್ಲಿಸಿ. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿ. ಹಲವು ಹಕ್ಕಿಗಳು ಒಟ್ಟಿಗೆ ಸತ್ತಿದ್ದರೆ ಪಶುವೈದ್ಯರಿಗೆ ತಿಳಿಸಿ.

ಬ್ಯಾಡಗಿಯ ರೈತರಿಗೆ ಹೇಳಬೇಕಾದ ಮಾತೊಂದಿದೆ. ಮೆಣಸಿನಕಾಯಿಯ ಖಾರ ಮನುಷ್ಯ, ಇಲಿ, ಅಳಿಲುಗಳ ನಾಲಿಗೆಗೆ ಮಾತ್ರ ಸುಡುತ್ತದೆ, ಹಕ್ಕಿಗೆ ತಾಗುವುದಿಲ್ಲ. ಹಣ್ಣುಗಾಯಿ ತಿಂದ ಹಕ್ಕಿಯ ಹೊಟ್ಟೆಯಿಂದ ಬೀಜ ಕೆಡದೆ ಹೊರಬೀಳುತ್ತದೆ. ಕಾಡುಮೆಣಸು ಹಬ್ಬಿದ್ದೇ ಹೀಗೆ. ಆದ್ದರಿಂದ ಬೆಳೆಗೆ ಖಾರದ ನೀರು ಹೊಡೆದು ಹಕ್ಕಿ ಓಡಿಸುತ್ತೇನೆಂದರೆ ಶ್ರಮ ವ್ಯರ್ಥ. ಬದಲಿಗೆ ಹಕ್ಕಿಗೆ ಹಾಕುವ ನುಚ್ಚಿಗೆ ಸ್ವಲ್ಪ ಖಾರದ ಪುಡಿ ಕಲಸಿ. ಅಳಿಲು, ಇಲಿ ದೂರವಿರುತ್ತವೆ, ಹಕ್ಕಿಗಳು ನಿಶ್ಚಿಂತೆಯಿಂದ ತಿನ್ನುತ್ತವೆ. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಈ ಕೆಲಸಕ್ಕೆ ಖಾರದ ತಳಿಯ ಪುಡಿಯೇ ಬೇಕು.

ಗೂಡು ಮತ್ತು ಗಿಡ

ಆರ್.ಸಿ.ಸಿ. ಮನೆಯವರು ಗುಬ್ಬಿಗೆ ಹಲಗೆಯ ಪೆಟ್ಟಿಗೆ ಮಾಡಿಸಬಹುದು. ಆರಂಗುಲ ಉದ್ದಗಲ, ಒಂಬತ್ತು ಅಂಗುಲ ಎತ್ತರವಿರಲಿ. ಬಾಯಿಯ ತೂತು ಒಂದೂಕಾಲು ಅಂಗುಲವಿದ್ದರೆ ಗುಬ್ಬಿಗೆ ಸರಿ, ಗೊರವಂಕ ನುಗ್ಗಲಾರದು. ತೂತಿನ ಕೆಳಗೆ ಕಡ್ಡಿ ಹೊಡೆಯಬೇಡಿ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲವಾಗುತ್ತದೆ. ಪೆಟ್ಟಿಗೆಯನ್ನು ಎಂಟು ಹತ್ತು ಅಡಿ ಎತ್ತರದಲ್ಲಿ, ಸೂರಿನ ಕೆಳಗೆ, ಬಾಯಿ ಪೂರ್ವಕ್ಕೋ ಉತ್ತರಕ್ಕೋ ಬರುವಂತೆ ಕಟ್ಟಿ. ಪಡುವಣ ಬಿಸಿಲು, ಮುಂಗಾರಿನ ಇರಚಲು ಎರಡೂ ತಪ್ಪುತ್ತವೆ. ಗೂಡು ಕಟ್ಟಿದ ಮೇಲೆ ದಿನಾ ಇಣುಕಿ ನೋಡಬಾರದು.

ಕಾಳಿನ ತಟ್ಟೆಗಿಂತ ಗಿಡ ದೊಡ್ಡದು. ಹಿತ್ತಲಲ್ಲಿ ಒಂದು ಬೇವು, ನುಗ್ಗೆ, ಪೇರಲ, ಬೇಲಿಗೆ ದಾಸವಾಳ, ಮದರಂಗಿ ಹಚ್ಚಿ. ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ ತಾವಾಗಿ ಬರುತ್ತವೆ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡು ತೂಗುತ್ತಿದ್ದರೆ ಮರಿಯೇಳುವವರೆಗೆ ಆ ಟೊಂಗೆಗೆ ಕೊಡಲಿ ಹಾಕಬೇಡಿ.

ಅಂಗಳದಿಂದ ಹೊಲಕ್ಕೆ

ಗೋವಿನಜೋಳವನ್ನು ಕಾಡುತ್ತಿರುವ ಹೊಸ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ನೆರೆಯ ಶಿವಮೊಗ್ಗ ಭಾಗದಲ್ಲಿ. ಅದರ ಹತೋಟಿಯ ಶಿಫಾರಸುಗಳಲ್ಲಿ ಹಕ್ಕಿ ಕೂರುವ ಗೂಟಗಳೂ ಸೇರಿವೆ. ಮೇಲೆ ಅಡ್ಡಪಟ್ಟಿಯಿರುವ ಗೂಟಗಳನ್ನು ಎಕರೆಗೆ 10ರಂತೆ, ಬೆಳೆ 30 ದಿನದ್ದಾಗುವವರೆಗೆ ನೆಡಬೇಕು. ಕಾಜಾಣ, ಗೊರವಂಕಗಳು ಕುಳಿತು ಹುಳು ಹೆಕ್ಕುತ್ತವೆ. ಕಡಲೆ, ತೊಗರಿಯಲ್ಲಿಯೂ ಇದೇ ಉಪಾಯ ಮಾಡಿ, ಜೊತೆಗೆ ಬೆಳಗಿನ ಹೊತ್ತು ಸಾಲುಗಳ ನಡುವೆ ಚುರುಮುರಿ ಎರಚಿ. ಎರಚಿದ ದಿನ ಔಷಧಿ ಹೊಡೆಯಬೇಡಿ.

ಹಕ್ಕಿಯಿಂದ ಹಾನಿಯೇ ಇಲ್ಲ ಎಂದು ಹೇಳಿದರೆ ನೀವು ನಂಬಲಾರಿರಿ, ನಂಬಬೇಕಾಗಿಯೂ ಇಲ್ಲ. ಜೋಳ ಹಾಲುಗಾಳಾದಾಗ ರಾಟವಾಳ, ಗಿಳಿ, ಕಬ್ಬಕ್ಕಿಗಳ ಹಿಂಡು, ಬಿತ್ತಿದ ಶೇಂಗಾಕ್ಕೆ ನವಿಲು ಬೀಳುವುದು ನಿಜ. ಕಾಳು ತುಂಬುವ ಮೊದಲು ಗೂಟಗಳನ್ನು ಕಿತ್ತುಬಿಡಿ. ನೆರೆಹೊರೆಯವರೊಡನೆ ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ. ಒಂಟಿಯಾಗಿ ಮೊದಲು ಬಲಿತ ಹೊಲಕ್ಕೇ ಹೆಚ್ಚು ಪೆಟ್ಟು. ಕೆಂಪು-ಬಿಳಿ ಮಿಂಚುಪಟ್ಟಿಯನ್ನು ಹೊಸೆದು ಗೂಟದಿಂದ ಗೂಟಕ್ಕೆ ಕಟ್ಟಿ. ಬೆಳಿಗ್ಗೆ, ಸಂಜೆ ಎರಡೆರಡು ತಾಸು ಕಾವಲಿರಲಿ. ರಾಣೆಬೆನ್ನೂರಿನ ಬೀಜೋತ್ಪಾದಕರು ಬೆಲೆಬಾಳುವ ತಾಕಿಗೆ ಬಲೆ ಹೊದಿಸಿದಾಗ ಸಿಕ್ಕಿಬಿದ್ದ ಹಕ್ಕಿಗಳನ್ನು ದಿನಾ ಬಿಡಿಸಬೇಕು. ವಿಷದ ಕಾಳು ಮಾತ್ರ ಎಂದಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನವಿಲನ್ನು ಕೊಲ್ಲುವುದು ಗಂಭೀರ ಅಪರಾಧ. ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದೂ ಅಪರಾಧವೇ.

ನೋಡಿ, ಬರೆದಿಡಿ

ಹಕ್ಕಿ ನೋಡಲು ದುರ್ಬೀನು ಬೇಕೇ ಬೇಕೆಂದಿಲ್ಲ. ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ಕಾಲು ತಾಸು ಕುಳಿತು ದಿನಾಂಕ, ಕಂಡ ಹಕ್ಕಿ, ಎಷ್ಟು, ಏನು ತಿನ್ನುತ್ತಿತ್ತು ಎಂದು ಬರೆಯಲಿ. ಗುಬ್ಬಿ, ಕಾಗೆ, ಬೆಳವ, ಗೊರವಂಕ, ಪಿಕಳಾರ, ಸೂರಕ್ಕಿ, ಕಾಜಾಣ, ಹರಟೆಮಲ್ಲ, ಕೆಂಬೂತ, ನೀಲಕಂಠ ಈ ಹತ್ತನ್ನು ಗುರುತಿಸಲು ಕಲಿತರೆ ಉಳಿದವು ತಾವಾಗಿ ಬರುತ್ತವೆ. ಹೊಲದಲ್ಲಿ ಹುಳು ಬಿದ್ದ ದಿನ, ಔಷಧಿ ಹೊಡೆದ ದಿನಗಳನ್ನೂ ಅದರಲ್ಲಿಯೇ ಬರೆದಿಟ್ಟರೆ ಎರಡು ವರ್ಷಗಳಲ್ಲಿ ಆ ಪುಸ್ತಕವೇ ನಿಮಗೆ ಬುದ್ಧಿ ಹೇಳುತ್ತದೆ.

ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ಹತ್ತಿರದ ತಾಣಗಳಿಗೆ ಹೋಗಿ ಬನ್ನಿ. ಬಂಕಾಪುರದ ಹಳೆಯ ಕೋಟೆಯೊಳಗಿನ 139 ಎಕರೆ 2006ರಲ್ಲಿ ನವಿಲುಧಾಮವಾಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆದರೂ ಅಲ್ಲಿಯ ರೈತರು ಅವನ್ನು ಉಳಿಸಿಕೊಂಡಿದ್ದಾರೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು.

ರೈತ ಬಾಂಧವರೇ, ಬರುವ ಮುಂಗಾರಿನಲ್ಲಿ ಬಿತ್ತನೆ ಮುಗಿಸಿ ಮನೆಗೆ ಬಂದಾಗ ಚೀಲವನ್ನು ಅಂಗಳದಲ್ಲಿ ಕೊಡವಬೇಡಿ. ಕೈ ತೊಳೆದುಕೊಂಡು, ಒಂದು ಹಿಡಿ ಶುದ್ಧವಾದ ನುಚ್ಚು, ಒಂದು ಪಾತ್ರೆ ನೀರು ಇಡಿ. ಸೀಗಿ ಹುಣ್ಣಿಮೆಗೆ ನೀವು ಚರಗ ಚೆಲ್ಲುವಾಗ ಅದನ್ನು ಉಣ್ಣಲು ಹೊಲದಲ್ಲಿ ಹಕ್ಕಿಗಳು ಉಳಿದಿರಬೇಕಲ್ಲವೇ?